ಬಾಬಾಸಾಹೇಬರಿಗೆ ಯಾರೂ ನೆರವಾಗಲಿಲ್ಲವೇ?



ಸ್ವಲ್ಪ ಉದ್ದದ ಬರಹ, ಬಿಡುವು ಮಾಡ್ಕೊಂಡು ಓದಿ. ಪಿಎಚ್‌ಡಿ ಮಾಡ್ತಿರೋ ನಮ್ಮ ಹುಡುಗ ಹುಡುಗಿಯರು, ಅವರನ್ನ ಓದಿಸ್ತಿರೋ ಅಪ್ಪ ಅಮ್ಮಂದಿರು, ವಿಶ್ವವಿದ್ಯಾಲಯದ ಒಳಗೆ ಕುರ್ಚಿಯಲ್ಲಿ ಕೂತಿರೋ ನಮ್ಮವರು ಇದನ್ನ ಓದಬೇಕು ಅನ್ನೋದು ನನ್ನ ಆಸೆ.

ಹೋದ ತಿಂಗಳು ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ನೆರವು ಕೇಂದ್ರದ ಉದ್ಘಾಟನೆ ಇತ್ತು. ಹೆಸರು ಬೇಡ, ಬಹಳಷ್ಟು ಕಡೆ ಇದೇ ಕಥೆ. ಹೊಸ ಬೋರ್ಡು, ಎರಡು ಕಂಪ್ಯೂಟರು, ಒಂದು ಎಸಿ, ಗೋಡೆ ಮೇಲೆ ಬಾಬಾಸಾಹೇಬರ ದೊಡ್ಡ ಫೋಟೊ. ವೇದಿಕೆ ಮೇಲಿದ್ದವರೊಬ್ಬರು ಮಾತಾಡ್ತಾ, "ಅಂಬೇಡ್ಕರ್ ಅವರಿಗೆ ಯಾವ ಸೌಲಭ್ಯ ಇತ್ತು? ಯಾರು ನೆರವಾದರು? ಬೀದಿದೀಪದ ಕೆಳಗೆ ಓದಿ ವಿಶ್ವಜ್ಞಾನಿ ಆದರು. ನಿಮಗೆ ಎಲ್ಲಾ ಇದೆ, ಆದರೂ ಫೆಲೋಶಿಪ್ ಬಂದಿಲ್ಲ ಅಂತ ಅಳ್ತೀರಿ" ಅಂದರು. ಸಭೆ ಚಪ್ಪಾಳೆ ಹೊಡೀತು. ನಾನೂ ಅಭ್ಯಾಸಬಲದಿಂದ ಕೈ ಎತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮುಖ ನೋಡಿ ಇಳಿಸಿದೆ.

ಆ ಹುಡುಗಿ ರಾಯಚೂರು ಕಡೆಯವಳು. ತಾಯಿ ಭತ್ತ ನಾಟಿಗೆ ಹೋಗೋ ಕೂಲಿ. ಕಾಲುವೆ ನೀರು ಬಂದ ಮೇಲೆ ಕೂಲಿ ಹೆಣ್ಣುಮಕ್ಕಳ ದುಡಿಮೆ ಏನಾಯ್ತು ಅನ್ನೋದು ಅವಳ ಸಂಶೋಧನೆಯ ವಿಷಯ. ಅವಳಿಗೆ ಎಂಟು ತಿಂಗಳಿಂದ ಫೆಲೋಶಿಪ್ ಬಂದಿಲ್ಲ. ದೆಹಲಿಯಲ್ಲಿ ಯಾರೋ ತಡೆದದ್ದಲ್ಲ. ಪೋರ್ಟಲ್‌ನಲ್ಲಿ ಪ್ರತಿ ತಿಂಗಳು ವಿಶ್ವವಿದ್ಯಾಲಯದವರು 'ಈ ವಿದ್ಯಾರ್ಥಿ ಮುಂದುವರಿದಿದ್ದಾರೆ' ಅಂತ ದೃಢೀಕರಿಸಬೇಕು. ಒಬ್ಬರು ವಿವರ ತುಂಬಬೇಕು, ಇನ್ನೊಬ್ಬರು ಒಪ್ಪಿಗೆ ಒತ್ತಬೇಕು. ತುಂಬುತ್ತಿದ್ದ ಕೇಸ್ ವರ್ಕರ್ ವರ್ಗಾವಣೆ ಆದರು, ಅವರ ಜಾಗಕ್ಕೆ ಬಂದವರಿಗೆ ಪಾಸ್‌ವರ್ಡ್ ಸಿಗಲಿಲ್ಲ. ಅಷ್ಟೇ. ಈಗ ಅವಳು ಸಂಜೆ ಹೊತ್ತು ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಬೇರೆಯವರ ಥೀಸಿಸ್ ಟೈಪ್ ಮಾಡ್ತಾಳೆ. ಅವಳದ್ದು ಮೂರನೇ ಅಧ್ಯಾಯದಲ್ಲೇ ನಿಂತಿದೆ.

ಹೊರಗೆ ಚಹಾ ಕುಡೀತಾ ಕೇಳಿದಳು: "ಯಣ್ಣಾ, ಬಾಬಾಸಾಹೇಬ್ರಿಗೆ ಖರೇನೂ ಯಾರೂ ನೆರವಾಗಿಲ್ಲೇನು? ಅವ್ರಿಗೆ ಆಗಿದ್ದು ನನಗ್ಯಾಕ ಆಗವಲ್ದು?"

ಈ ಪ್ರಶ್ನೆ ನನ್ನನ್ನ ನಿದ್ದೆ ಮಾಡೋಕೆ ಬಿಡಲಿಲ್ಲ. ನಾವೇ ಏಪ್ರಿಲ್ 14ರಂದು ಮೈಕಿನಲ್ಲಿ ಹೇಳಿ ಹೇಳಿ ಬೆಳೆಸಿದ ಕಥೆ ಅದು: ಏಕಾಂಗಿ, ಬರಿಗೈ, ಬೀದಿದೀಪ. ಪ್ರೀತಿಯಿಂದ ಹೇಳಿದೆವು. ಈಗ ಅದೇ ಕಥೆಯನ್ನ ತಿರುಗಿಸಿ ನಮ್ಮ ಮಕ್ಕಳಿಗೇ ಹೊಡೀತಿದ್ದಾರೆ. ಹಾಗಾಗಿ ಅವಳ ಪ್ರಶ್ನೆಗೆ ಇತಿಹಾಸದಿಂದಲೇ ಉತ್ತರ ಕೊಡೋಣ ಅಂತ ಕೂತೆ.

*ಮೊದಲ ನೆರವು ಮನೆಯದು*

ಮುಂಬೈನ ಪರೇಲ್. ಚಾಳಿನ ಒಂದೇ ಕೋಣೆ. ಅಡುಗೆ, ಮಲಗೋದು, ಓದೋದು ಎಲ್ಲಾ ಅಲ್ಲೇ. ಅಪ್ಪ ರಾಮ್‌ಜೀ ಸಕ್ಪಾಲ್ ನಿವೃತ್ತ ಸುಬೇದಾರ್. ಮಗನನ್ನ ಸಂಜೆಯೇ ಮಲಗಿಸಿ, ತಾವು ನಡುರಾತ್ರಿ ಎರಡರವರೆಗೆ ಎಚ್ಚರ ಇದ್ದು, ಅವನನ್ನ ಓದೋಕೆ ಎಬ್ಬಿಸಿ ಆಮೇಲೆ ತಾವು ಮಲಗ್ತಿದ್ದರು. ಕೋಣೆಯಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಇರಲಿಲ್ಲ. ಮಗ ಹೊಸ ಪುಸ್ತಕ ಬೇಕು ಅಂದಾಗ ಕೈಯಲ್ಲಿ ಕಾಸಿಲ್ಲದಿದ್ದರೆ ರಾಮ್‌ಜೀ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಸಾಲ ಕೇಳ್ತಿದ್ದರು. ಅವರ ಹತ್ತಿರವೂ ದುಡ್ಡಿರದಿದ್ದರೆ ಒಡವೆ ತಂದು ಅಡ ಇಡ್ತಿದ್ದರು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಇದೆಲ್ಲ ಇದೆ. ನನ್ನ ಲೆಕ್ಕದಲ್ಲಿ ಬಾಬಾಸಾಹೇಬರಿಗೆ ಸಿಕ್ಕ ಮೊದಲ ಸಂಶೋಧನಾ ಅನುದಾನ ಅಕ್ಕಂದಿರ ಒಡವೆ.

ಎರಡನೇ ನೆರವು ಒಬ್ಬ ಮೇಷ್ಟ್ರು. ಕೃಷ್ಣಾಜಿ ಅರ್ಜುನ್ ಕೇಳುಸ್ಕರ್. ಮುಂಬೈನ ಒಂದು ಉದ್ಯಾನದಲ್ಲಿ ದಿನಾ ಸಂಜೆ ಒಬ್ಬನೇ ಕೂತು ಓದ್ತಿದ್ದ ಹುಡುಗನನ್ನ ನೋಡಿ, ತಾವಾಗೇ ಹೋಗಿ ಮಾತಾಡಿಸಿದರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಚರಿತ್ರೆಯನ್ನ ಕೈಗಿಟ್ಟರು. ಇಂಟರ್ ಆದ ಮೇಲೆ ಮನೆಯಲ್ಲಿ ದುಡ್ಡು ಮುಗಿದಾಗ ಮಹಾರಾಜ ಸಯಾಜಿರಾವ್ ಗಾಯಕವಾಡರ ಹತ್ತಿರ ಕರಕೊಂಡು ಹೋಗಿ ನಿಲ್ಲಿಸಿದವರೂ ಅವರೇ. ತಿಂಗಳಿಗೆ 25 ರೂಪಾಯಿ ಮಂಜೂರಾಯ್ತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಮುಲ್ಲರ್ ಅನ್ನೋ ಪ್ರೊಫೆಸರ್ ಪುಸ್ತಕ ಕೊಟ್ಟರು, ತೊಡೋಕೆ ಬಟ್ಟೆ ಕೊಟ್ಟರು. 1912ರಲ್ಲಿ ಬಿ.ಎ. ಆಯ್ತು.

ಇವರಲ್ಲಿ ಯಾರೂ ಬಾಬಾಸಾಹೇಬರ ಪರವಾಗಿ ಪರೀಕ್ಷೆ ಬರೆಯಲಿಲ್ಲ. ಓದಿದ್ದು ಅವರೇ. ಓದೋಕೆ ಬೇಕಾದ ದಾರಿಯಲ್ಲಿದ್ದ ಕಲ್ಲು ಎತ್ತಿದ್ದು ಇವರು. ಈ ವ್ಯತ್ಯಾಸ ಮುಂದೆಯೂ ನೆನಪಿಟ್ಟುಕೊಳ್ಳಿ.

*ನ್ಯೂಯಾರ್ಕ್: ಮೂರು ವರ್ಷ*

1913ರ ಜೂನ್‌ನಲ್ಲಿ ಬರೋಡಾ ಸಂಸ್ಥಾನದ ಜೊತೆ ಕರಾರು ಆಯ್ತು. ತಿಂಗಳಿಗೆ 11 ಪೌಂಡ್ 10 ಶಿಲಿಂಗ್, ಮೂರು ವರ್ಷ. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು. ಜುಲೈನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಆ ದುಡ್ಡಿನಲ್ಲೇ ಊಟ, ರೂಮು, ಪುಸ್ತಕ. ಅದರಲ್ಲೇ ಉಳಿಸಿ ಮನೆಗೂ ಕಳಿಸಬೇಕು.

ಆ ಮೂರು ವರ್ಷದಲ್ಲಿ ಏನೇನು ಸಿಕ್ತು ನೋಡಿ.

ಒಂದು, ತಲೆ ಮೇಲೊಂದು ಸೂರು. ವಿದ್ಯಾರ್ಥಿಗಳ ವಸತಿ ನಿಲಯ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ರೂಮು, ರೂಮ್‌ಮೇಟ್ ನವಲ್ ಭಥೇನಾ ಅನ್ನೋ ಪಾರ್ಸಿ ಗೆಳೆಯ. ನೀನು ಯಾವ ಜಾತಿ ಅಂತ ಕೇಳಿ ರೂಮು ಕೊಡುವ ವಾರ್ಡನ್ ಅಲ್ಲಿರಲಿಲ್ಲ.

ಎರಡು, ವಿಷಯದ ಬೇಲಿ ಇರಲಿಲ್ಲ. ಕೊಲಂಬಿಯಾದ ದಾಖಲೆ ಪ್ರಕಾರ ಅವರು ತಗೊಂಡ ಕೋರ್ಸುಗಳಲ್ಲಿ ಅರ್ಥಶಾಸ್ತ್ರದ್ದು 29, ಇತಿಹಾಸದ್ದು 11, ಸಮಾಜಶಾಸ್ತ್ರದ್ದು 6, ತತ್ವಶಾಸ್ತ್ರದ್ದು 5, ಮಾನವಶಾಸ್ತ್ರದ್ದು 4. ಜೊತೆಗೆ ಫ್ರೆಂಚ್, ಜರ್ಮನ್ ಭಾಷೆಯ ಪ್ರಾಥಮಿಕ ಪಾಠ. ಅದೇ ಹುಡುಗನಿಗೆ ಇಲ್ಲಿ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯೋಕೆ ಬಿಡದೆ ಪರ್ಷಿಯನ್ ತಗೊಳ್ಳುವ ಹಾಗೆ ಮಾಡಿದ್ದರು. 1916ರ ಮೇ 9ರಂದು ಮಾನವಶಾಸ್ತ್ರಜ್ಞ ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಹುಟ್ಟು, ಬೆಳವಣಿಗೆ ಕುರಿತು ಪ್ರಬಂಧ ಓದಿದರು. ಯೋಚನೆ ಮಾಡಿ, ಅರ್ಥಶಾಸ್ತ್ರದ ವಿದ್ಯಾರ್ಥಿ ಮಾನವಶಾಸ್ತ್ರದ ಕೋಣೆಗೆ ಹೋಗಿ ಜಾತಿ ಬಗ್ಗೆ ಮಾತಾಡ್ತಾನೆ, ಅಲ್ಲಿದ್ದವರು ಕೂತು ಕೇಳ್ತಾರೆ. ಅದು ಮುಂದಿನ ವರ್ಷ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚಾಯ್ತು. ಇವತ್ತಿಗೂ ಜಾತಿ ಬಗ್ಗೆ ಬರೆಯುವವರು ಅದನ್ನ ದಾಟಿ ಹೋಗೋಕೆ ಆಗಲ್ಲ.

ಮೂರು, ಗ್ರಂಥಾಲಯ. ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತರೆ, ಕೇಳಿದ ಪುಸ್ತಕ ಮೇಜಿನ ಮೇಲೆ ಬರ್ತಿತ್ತು. ಹಳೇ ಪುಸ್ತಕದ ಅಂಗಡಿ ಸುತ್ತಿ ಸುಮಾರು 2,000 ಪುಸ್ತಕ ಕೊಂಡಿದ್ದರು ಅಂತ ಕೀರ್ ಬರೀತಾರೆ.

ನಾಲ್ಕು, ಮಾರ್ಗದರ್ಶಕ. ಎಡ್ವಿನ್ ಸೆಲಿಗ್‌ಮನ್ ಸಾರ್ವಜನಿಕ ಹಣಕಾಸಿನಲ್ಲಿ ಆ ಕಾಲದ ದೊಡ್ಡ ಹೆಸರು. ಸ್ವತಃ ಪುಸ್ತಕದ ಹುಚ್ಚರು. ಅವರು ಕೂಡಿಸಿದ ಅರ್ಥಶಾಸ್ತ್ರದ ಗ್ರಂಥರಾಶಿಯನ್ನ ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯವೇ ಕೊಂಡುಕೊಂಡಿತು. 1916ರಲ್ಲಿ ಬಾಬಾಸಾಹೇಬರು ಲಂಡನ್ನಿಗೆ ಹೊರಟಾಗ ಸೆಲಿಗ್‌ಮನ್ ಅಲ್ಲಿನ ಪ್ರೊಫೆಸರ್ ಹರ್ಬರ್ಟ್ ಫಾಕ್ಸ್‌ವೆಲ್ ಅವರಿಗೆ ಪರಿಚಯದ ಪತ್ರ ಬರೆದರು. ಈ ಫಾಕ್ಸ್‌ವೆಲ್ ಕೂಡಿಸಿದ್ದ ಪುಸ್ತಕಗಳೇ ಲಂಡನ್ ವಿಶ್ವವಿದ್ಯಾಲಯದ ಗೋಲ್ಡ್‌ಸ್ಮಿತ್ಸ್ ಗ್ರಂಥಾಲಯದ ಬುನಾದಿ. ಒಬ್ಬ ಗ್ರಂಥಪ್ರೇಮಿ ಇನ್ನೊಬ್ಬ ಗ್ರಂಥಪ್ರೇಮಿಗೆ ಬರೆದ ಒಂದು ಹಾಳೆ ಪತ್ರ. ಖರ್ಚು ಅಂಚೆಚೀಟಿಯದ್ದು ಮಾತ್ರ. ಅದರ ಬೆಲೆ ಗೊತ್ತಾಗಬೇಕಾದರೆ ಗೈಡ್ ಸಹಿಗಾಗಿ ಮನೆ ಬಾಗಿಲಲ್ಲಿ ಮೂರು ದಿನ ಕಾದ ನಮ್ಮ ಹುಡುಗರನ್ನ ಕೇಳಬೇಕು.

*1917: ದುಡ್ಡು ನಿಂತಿತು, ಸಂಶೋಧನೆ ನಿಂತಿತು*

ಲಂಡನ್ನಿನಲ್ಲಿ ಒಂದು ಕಡೆ ಗ್ರೇಸ್ ಇನ್‌ನಲ್ಲಿ ಕಾನೂನು, ಇನ್ನೊಂದು ಕಡೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ. ಕೆಲಸ ಶುರುವಾಗಿ ಒಂದು ವರ್ಷ ತುಂಬೋದರೊಳಗೆ ವಿದ್ಯಾರ್ಥಿವೇತನದ ಅವಧಿ ಮುಗೀತು. ವಾಪಸ್ ಹೊರಡಲೇಬೇಕಾಯ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಅದೇ ಮನುಷ್ಯ, ಅದೇ ಬುದ್ಧಿ, ಅದೇ ಛಲ. ಬದಲಾಗಿದ್ದು ಒಂದೇ, ತಿಂಗಳ ದುಡ್ಡು ನಿಂತಿತು. ಸಂಶೋಧನೆ ಅಲ್ಲೇ ನಿಂತಿತು. ಪ್ರತಿಭೆ ಇದ್ದರೆ ಸಾಕು ಅನ್ನುವವರು 1917ರ ಬಾಬಾಸಾಹೇಬರನ್ನ ನೋಡಬೇಕು.

ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕ, ಸಾಮಾನು ಯುದ್ಧದ ಟಾರ್ಪೆಡೊಗೆ ಸಿಕ್ಕಿ ಸಮುದ್ರ ಸೇರಿದವು. ಕರಾರಿನಂತೆ ಸೇವೆಗೆ ಬರೋಡಾಕ್ಕೆ ಹೋದರು. ಅಲ್ಲಿ ಆಗಿದ್ದನ್ನ ಅವರೇ ಬರೆದಿಟ್ಟಿದ್ದಾರೆ. ಹಿಂದೂ ಹೋಟೆಲಿನಲ್ಲಿ ಜಾಗ ಇಲ್ಲ, ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರಲ್ಲಿ ಇದ್ದರು, ಗೊತ್ತಾದ ಮೇಲೆ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಕೊಲಂಬಿಯಾ, ಲಂಡನ್ ನೋಡಿ ಬಂದ ವಿದ್ವಾಂಸ ಆ ದಿನ ಸಾರ್ವಜನಿಕ ಉದ್ಯಾನದಲ್ಲಿ ಕೂತು ರಾತ್ರಿ ರೈಲಿಗೆ ಕಾದರು. ನ್ಯೂಯಾರ್ಕಿನಲ್ಲಿ ಸಿಕ್ಕ ಸೂರು ಬರೋಡಾದಲ್ಲಿ ಸಿಗಲಿಲ್ಲ. ಹಾಸ್ಟೆಲ್ ಸೀಟನ್ನ ಕೇವಲ ಹಾಸಿಗೆ ಲೆಕ್ಕ ಹಾಕುವವರಿಗೆ ಈ ಕಥೆ ಸಾಕು.

ಆದರೆ ಲಂಡನ್ ಬಿಡುವಾಗ ಒಂದು ಕೆಲಸ ಆಗಿತ್ತು. ಪ್ರೊಫೆಸರ್ ಎಡ್ವಿನ್ ಕ್ಯಾನನ್ ಅವರ ಶಿಫಾರಸಿನಿಂದ, 1917ರ ಅಕ್ಟೋಬರ್‌ನಿಂದ ನಾಲ್ಕು ವರ್ಷದೊಳಗೆ ಯಾವಾಗ ಬಂದರೂ ಓದು ಮುಂದುವರಿಸಬಹುದು ಅಂತ ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತ್ತು. ಕಾಗದದ ಒಂದು ತುಂಡು. ವಿಶ್ವವಿದ್ಯಾಲಯಕ್ಕೆ ಒಂದು ಕಾಸೂ ಖರ್ಚಿಲ್ಲ. ಆದರೆ ಆ ಕಾಗದ ಇಲ್ಲದಿದ್ದರೆ ಬಡತನಕ್ಕೆ ನೋಂದಣಿಯೂ ರದ್ದಾಗ್ತಿತ್ತು. ನಮ್ಮಲ್ಲಿ ಅಪ್ಪನ ಕಾಯಿಲೆಗೆ, ತಂಗಿ ಮದುವೆಗೆ, ಹೆರಿಗೆಗೆ ಅಂತ ಊರಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಎಷ್ಟು ಜನರ ಹೆಸರು ಪಟ್ಟಿಯಿಂದ ಹೋಗಿದೆ, ನಿಮಗೇ ಗೊತ್ತು.

*ಮತ್ತೆ ಲಂಡನ್, ಈ ಸಲ ಸಾಲದ ಮೇಲೆ*

1918ರಿಂದ ಮುಂಬೈನ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರ್. ಸಂಬಳದಲ್ಲಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ನವಲ್ ಭಥೇನಾ ಕೊಟ್ಟ ಸಾಲ, ಈ ಮೂರನ್ನೂ ಸೇರಿಸಿ 1920ರಲ್ಲಿ ಮತ್ತೆ ಲಂಡನ್. ಆ ನಾಲ್ಕು ವರ್ಷದ ಗಡುವು ಇನ್ನೂ ಮುಗಿದಿರಲಿಲ್ಲ. ಅದೇ ರೂಮ್‌ಮೇಟ್ ಈಗ ಸಾಲ ಕೊಟ್ಟವನು. ಹಾಸ್ಟೆಲ್ ಅಂದರೆ ಬರೀ ಗೋಡೆ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಈ ಸಲ ಹಸಿವಿನ ಕಥೆ ನಿಜ. ಬೆಳಿಗ್ಗೆ ಒಂದು ತುಂಡು ರೊಟ್ಟಿ ತಿಂದು ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಗೆ ಹೋದರೆ ಬಾಗಿಲು ಹಾಕುವವರೆಗೆ ಅಲ್ಲೇ. ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ಕಂಪನಿ ಸರ್ಕಾರದ ಕಾಲದ ಕಡತಗಳು. ಪರೇಲಿನ ಚಾಳಿನಲ್ಲಿ ರಮಾಬಾಯಿ ಮಕ್ಕಳನ್ನ ಕಟ್ಟಿಕೊಂಡು ಕಾಸಿಗೆ ಕಾಸು ಲೆಕ್ಕ ಹಾಕಿ ಮನೆ ನಡೆಸಿದರು. ಆ ಮನೆಯಲ್ಲಿ ನಾಲ್ಕು ಮಕ್ಕಳು ತೀರಿಕೊಂಡವು. ಅವರ ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಏನೇ ಇರಲಿ, ರಮಾತಾಯಿ ಹೆಸರನ್ನ ನಾವು ಅಲ್ಲಿ ಓದಿಕೊಳ್ಳಬೇಕು. ವಿಶ್ವವಿದ್ಯಾಲಯ ಕೊಡದೇ ಹೋದದ್ದನ್ನೆಲ್ಲ ಯಾವುದೋ ಒಂದು ಹೆಣ್ಣು ಜೀವ ತುಂಬಿಕೊಡಬೇಕಾಗುತ್ತೆ, ಆಗಲೂ, ಈಗಲೂ.

1921ರಲ್ಲಿ ಎಂ.ಎಸ್ಸಿ. ಆಯ್ತು. ಡಿ.ಎಸ್ಸಿ.ಗೆ ಕೊಟ್ಟ ರೂಪಾಯಿ ಸಮಸ್ಯೆಯ ಪ್ರಬಂಧವನ್ನ ತಿದ್ದಿ ಮತ್ತೆ ಕೊಡಿ ಅಂದರು ಪರೀಕ್ಷಕರು. ಅಷ್ಟರಲ್ಲಿ ದುಡ್ಡು ಮುಗಿದಿತ್ತು. 1923ರಲ್ಲಿ ಮುಂಬೈಗೆ ಬಂದು ಇಲ್ಲಿಂದಲೇ ತಿದ್ದಿ ಕಳಿಸಿದರು. ಪದವಿ ಬಂತು, ಕ್ಯಾನನ್ ಅವರ ಮುನ್ನುಡಿ ಜೊತೆ ಪುಸ್ತಕವೂ ಬಂತು. ಆ ಮುನ್ನುಡಿಯಲ್ಲಿ ಕ್ಯಾನನ್ ಶಿಷ್ಯನ ಕೆಲವು ವಾದಗಳನ್ನ ಒಪ್ಪಲ್ಲ ಅಂತ ನೇರವಾಗೇ ಹೇಳ್ತಾರೆ. ಒಪ್ಪದಿದ್ದರೂ ಮುನ್ನುಡಿ ಬರೆದರು, ಅದು ಗೈಡ್ ಲಕ್ಷಣ. ನಮ್ಮಲ್ಲಿ ಗೈಡ್ ಒಪ್ಪದ ವಾಕ್ಯ ಬರೆದರೆ ಸಹಿಯೇ ಸಿಗಲ್ಲ.

ಇನ್ನು ಕೊಲಂಬಿಯಾದ ಪಿಎಚ್‌ಡಿ. ಅಲ್ಲಿಂದ ಹೊರಟದ್ದು 1916ರಲ್ಲಿ, ಪದವಿ ಕೈಗೆ ಬಂದದ್ದು 1927ರಲ್ಲಿ. ಯಾಕೆ ಗೊತ್ತಾ? ಪ್ರಬಂಧ ಅಚ್ಚು ಹಾಕಿಸಿ ಪ್ರತಿಗಳನ್ನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಮೇಲೇ ಪದವಿ ಅನ್ನೋದು ಆಗಿನ ನಿಯಮ. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ವಿಕಾಸ ಕುರಿತ ಆ ಪುಸ್ತಕ ಅಚ್ಚಾಗಿದ್ದು 1925ರಲ್ಲಿ, ಸೆಲಿಗ್‌ಮನ್ ಮುನ್ನುಡಿಯೊಂದಿಗೆ. ಅದನ್ನ ಅರ್ಪಿಸಿದ್ದು ಸಯಾಜಿರಾವ್ ಅವರಿಗೆ, ಓದಿಗೆ ಮಾಡಿದ ನೆರವಿಗಾಗಿ. ತಾನು ಒಬ್ಬನೇ ಆದೆ ಅಂತ ಬಾಬಾಸಾಹೇಬರು ಹೇಳಲಿಲ್ಲ. ಅವರ ಪುಸ್ತಕದ ಮೊದಲ ಪುಟವೇ ನೆರವಿನ ದಾಖಲೆ. ಬೀದಿದೀಪದ ಭಾಷಣ ಮಾಡುವವರು ಆ ಒಂದು ಪುಟ ಓದಿದ್ದರೂ ಸಾಕಾಗಿತ್ತು.

*ತನಗೆ ಸಿಕ್ಕಿದ್ದನ್ನ ಎಲ್ಲರಿಗೂ ಕಟ್ಟಿದ್ದು*

ಈ ಕಥೆಯ ಎರಡನೇ ಅರ್ಧವನ್ನ ನಾವು ಕಡಿಮೆ ಹೇಳ್ತೀವಿ. ಬಾಬಾಸಾಹೇಬರು ಮರಳಿ ಬಂದು ಏನು ಕಟ್ಟಿದರು? ತಮಗೆ ಒಬ್ಬೊಬ್ಬರ ದಯೆಯಿಂದ ಬಿಡಿಬಿಡಿಯಾಗಿ ಸಿಕ್ಕಿದ್ದನ್ನೆಲ್ಲ ಸಂಸ್ಥೆ ಮಾಡಿ ಹಕ್ಕು ಮಾಡೋಕೆ ಹೊರಟರು.

ಮೊದಲು ಹಾಸ್ಟೆಲ್. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿ ಮುಂಬೈ ಪ್ರಾಂತ್ಯದಲ್ಲಿ ವಸತಿ ನಿಲಯ ತೆರೆದರು. ಪನ್ವೇಲ್, ಠಾಣೆ, ನಾಸಿಕ್, ಪುಣೆ ಜೊತೆ ನಮ್ಮ ಧಾರವಾಡವೂ ಆ ಪಟ್ಟಿಯಲ್ಲಿದೆ. ಧಾರವಾಡದ ಕಡೆಯವರು ಇದನ್ನ ಎದೆ ತಟ್ಟಿ ಹೇಳಬೇಕು. ಬರೋಡಾದ ಛತ್ರದಿಂದ ದೊಣ್ಣೆ ತೋರಿಸಿ ಓಡಿಸಿದ್ದಕ್ಕೆ ಹನ್ನೊಂದು ವರ್ಷದ ಮೇಲೆ ಕೊಟ್ಟ ಉತ್ತರ ಅದು.

ಆಮೇಲೆ ದುಡ್ಡು. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಗೆ ಕಾರ್ಮಿಕ ಸದಸ್ಯರಾಗಿ ಹೋದರು. ಅದೇ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಅಹವಾಲುಗಳ ದೀರ್ಘ ಮನವಿಯನ್ನ ವೈಸ್‌ರಾಯ್ ಲಿನ್‌ಲಿತ್‌ಗೋ ಮುಂದಿಟ್ಟರು. ಉನ್ನತ ಶಿಕ್ಷಣಕ್ಕೆ, ವಿದೇಶದ ಓದಿಗೆ ಸರ್ಕಾರವೇ ದುಡ್ಡು ಕೊಡಬೇಕು ಅನ್ನೋದು ಅದರ ಮುಖ್ಯ ಬೇಡಿಕೆಗಳಲ್ಲಿ ಒಂದು. ವರ್ಷಕ್ಕೆ 3 ಲಕ್ಷ ರೂಪಾಯಿ ಮಂಜೂರಾಯ್ತು. 1944ರಲ್ಲಿ ಶುರುವಾದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಇವತ್ತಿಗೂ ನಮ್ಮ ಕೇರಿಯ ಮಕ್ಕಳ ಕಾಲೇಜಿನ ಬುತ್ತಿ. ಮಹಾರಾಜನ ಮುಂದೆ ಮೇಷ್ಟ್ರು ಕರಕೊಂಡು ಹೋಗಿ ನಿಲ್ಲಿಸಬೇಕಾಗಿದ್ದ ಜಾಗದಲ್ಲಿ ಒಂದು ಅರ್ಜಿ ಸಾಕು ಅನ್ನುವ ಹಾಗಾಯ್ತು.

ಆಮೇಲೆ ಕಾಲೇಜು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರ ಜೂನ್‌ನಲ್ಲಿ ಮುಂಬೈನ ಸಿದ್ಧಾರ್ಥ ಕಾಲೇಜು. ಅಲ್ಲಿ ಬೆಳಗಿನ ಹೊತ್ತೇ ತರಗತಿ, ಕೆಲಸಕ್ಕೆ ಹೋಗುವ ಹುಡುಗರು ಪಾಠ ಮುಗಿಸಿ ಹೋಗಲಿ ಅಂತ. ವೇಳಾಪಟ್ಟಿಯನ್ನ ಬಡವನ ಗಡಿಯಾರಕ್ಕೆ ಹೊಂದಿಸಿದರು. ಗ್ರಂಥಾಲಯಕ್ಕೆ ತಾವೇ ಪುಸ್ತಕ ಆರಿಸಿದರು, ತಮ್ಮ ಸಂಗ್ರಹದಿಂದಲೂ ಕೊಟ್ಟರು. ಎಸ್.ಎಸ್. ರೇಗೆ ಅನ್ನುವವರು ಅಲ್ಲಿನ ಗ್ರಂಥಪಾಲಕರು. ಬಾಬಾಸಾಹೇಬರ ಕೊನೆಯ ವರ್ಷಗಳ ಬರವಣಿಗೆಗೆ ಬೇಕಾದ ಪುಸ್ತಕ ಒದಗಿಸಿದವರಲ್ಲಿ ಅವರೂ ಒಬ್ಬರು. ದೊಡ್ಡ ಪುಸ್ತಕದ ಹಿಂದೆ ಯಾವಾಗಲೂ ಹೆಸರಿಲ್ಲದ ಒಬ್ಬ ಗ್ರಂಥಪಾಲಕ ಇರ್ತಾನೆ. ಇಲ್ಲಿ ಹೆಸರು ಉಳಿದಿದೆ, ಅದಕ್ಕೇ ಹೇಳಿದೆ.

1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು ಶುರು ಮಾಡಿದರು. ಅದೇ ಮುಂದೆ ಮಿಲಿಂದ ಮಹಾವಿದ್ಯಾಲಯ. ಆಗ ಔರಂಗಾಬಾದ್, ನಮ್ಮ ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಒಂದೇ ಹೈದರಾಬಾದ್ ರಾಜ್ಯ. ಒಣಭೂಮಿಯ ಬಡ ಮಕ್ಕಳಿಗೆ ಕಾಲೇಜು, ಹಾಸ್ಟೆಲ್, ಗ್ರಂಥಾಲಯ ಒಂದೇ ಆವರಣದಲ್ಲಿ. ಅದಕ್ಕೆ ನಾಗಸೇನವನ ಅಂತ ಹೆಸರು. ಫಲ ಏನಾಯ್ತು? 1960ರ ದಶಕದಲ್ಲಿ ಅಲ್ಲಿ ಪ್ರಾಂಶುಪಾಲರಾಗಿದ್ದ ಎಂ.ಎನ್. ವಾನ್ಖೇಡೆ, ಅಲ್ಲಿ ಪಾಠ ಮಾಡ್ತಿದ್ದ ಗಂಗಾಧರ ಪಾನತಾವಣೆ ಸುತ್ತ ಮರಾಠಿ ದಲಿತ ಸಾಹಿತ್ಯದ ಮೊದಲ ಚರ್ಚೆಗಳು ಹುಟ್ಟಿದವು. ಪಾನತಾವಣೆಯವರ ಅಸ್ಮಿತಾದರ್ಶ ಪತ್ರಿಕೆ ಅಲ್ಲಿಂದಲೇ ಬೆಳೆದದ್ದು. ಕಟ್ಟಿದ ಹದಿನೈದು ಇಪ್ಪತ್ತು ವರ್ಷಕ್ಕೆ ಒಂದು ಸಾಹಿತ್ಯ ಚಳವಳಿ.

ನಮ್ಮಲ್ಲೂ ಹಾಗೇ. ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನ ಶ್ರೀರಾಂಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಬೆಳೆದವರು. ಮುಂದೆ ಗ್ರಾಮದೇವತೆಗಳ ಬಗ್ಗೆ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದ ನಿರ್ದೇಶಕರಾದರು. ಆ ಹಾಸ್ಟೆಲಿನ ಕಥೆ ಅವರ ಆತ್ಮಕಥೆ 'ಊರು ಕೇರಿ'ಯಲ್ಲಿದೆ. ನಗುವಿನ ಹಿಂದೆ ಹಸಿವಿದೆ, ಹಸಿವಿನ ಹಿಂದೆ ಓದುವ ಹಟವಿದೆ.

*ಕಟ್ಟಿದ್ದನ್ನ ಕೆಡವೋದು ಹೇಗೆ*

ನೇರವಾಗಿ ಯಾರೂ ಕೆಡವಲ್ಲ. ಫೈಲು ನಿಲ್ಲಿಸ್ತಾರೆ, ಸಾಕು.

2016ರ ಜನವರಿ 17 ನಮಗೆ ಮರೆಯೋಕೆ ಆಗಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕ ರೋಹಿತ್ ವೇಮುಲ. ಹಾಸ್ಟೆಲಿನಿಂದ ಹೊರಹಾಕಿದ್ದರು. ಬಿಟ್ಟುಹೋದ ಪತ್ರದಲ್ಲಿ ಜಗತ್ತು, ನಕ್ಷತ್ರದ ಮಾತುಗಳ ಕೆಳಗೆ ಒಂದು ಲೆಕ್ಕ ಇದೆ. ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ ಬರಬೇಕು, ಅದು ಮನೆಯವರಿಗೆ ತಲುಪಲಿ, ಅದರಲ್ಲಿ ಗೆಳೆಯನ ಸಾಲವೂ ತೀರಲಿ ಅಂತ. ನಾವು ಮೇಲಿನ ಮಾತುಗಳನ್ನ ಪೋಸ್ಟರ್ ಮಾಡಿದೆವು. ಕೆಳಗಿನ ಲೆಕ್ಕವನ್ನ ಯಾವ ವಿಶ್ವವಿದ್ಯಾಲಯವೂ ನೋಟಿಸ್ ಬೋರ್ಡಿಗೆ ಹಾಕಲಿಲ್ಲ. ಬಾಬಾಸಾಹೇಬರಿಗೂ ಗೆಳೆಯನ ಸಾಲ ಇತ್ತು, ರೋಹಿತನಿಗೂ ಇತ್ತು. ನೂರು ವರ್ಷ ಕಳೆದರೂ ನಮ್ಮ ಸಂಶೋಧನೆ ಗೆಳೆಯರ ಜೇಬಿನ ಮೇಲೇ ನಡೀಬೇಕಾ?

2022ರ ಫೆಬ್ರವರಿಯಲ್ಲಿ ಇನ್ನೊಂದಾಯ್ತು. ನಮ್ಮ ಮಕ್ಕಳು ಹೊರದೇಶಕ್ಕೆ ಓದೋಕೆ ಹೋಗುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆಯಲ್ಲ, ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. ಅದರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ಸಂಶೋಧನಾ ವಿಷಯಗಳಿಗೆ ಅವಕಾಶ ಇಲ್ಲ ಅಂತ ಸೇರಿಸಿದರು. ಹಾಗಾದರೆ 1916ರಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ ಆ ವಿದ್ಯಾರ್ಥಿ ಇವತ್ತು ಅರ್ಜಿ ಹಾಕಿದ್ದರೆ? ಬಾಗಿಲಲ್ಲೇ ತಿರಸ್ಕಾರ. ಫೋಟೊಗೆ ಹಾರ, ವಿಷಯಕ್ಕೆ ಬೀಗ.

*ಹಾಗಾದರೆ ನೆರವು ಕೇಂದ್ರ ಹೇಗಿರಬೇಕು?*

ಮೇಲಿನ ಇತಿಹಾಸವೇ ಉತ್ತರ ಹೇಳುತ್ತೆ. ಎಸಿ ರೂಮು, ಸಾಫ್ಟ್‌ವೇರ್ ಎಲ್ಲಾ ಆಮೇಲೆ. ಇವು ಮೊದಲು:

1. ದುಡ್ಡು ನಿಲ್ಲಬಾರದು. ಫೆಲೋಶಿಪ್ ತಡವಾದರೆ ವಿಶ್ವವಿದ್ಯಾಲಯ ತನ್ನ ನಿಧಿಯಿಂದ ಮುಂಗಡ ಕೊಡಲಿ, ಬಂದಾಗ ಮುರಿದುಕೊಳ್ಳಲಿ. 1917ರ ಕಥೆ ಮತ್ತೆ ಆಗಬಾರದು.

2. ಒಬ್ಬ ಮನುಷ್ಯ ಇರಬೇಕು. ಪೋರ್ಟಲ್, ಪ್ರಗತಿ ವರದಿ, ಬಾಕಿ ಹಣ ಎಲ್ಲಾ ನೋಡಿಕೊಳ್ಳುವ, ಹೆಸರು ಮತ್ತು ಫೋನ್ ನಂಬರ್ ಬಾಗಿಲಿಗೆ ಬರೆದಿರುವ ಒಬ್ಬ ಸಿಬ್ಬಂದಿ. ಅವರು ವರ್ಗ ಆಗುವ ಮೊದಲು ಕೆಲಸ ಇನ್ನೊಬ್ಬರಿಗೆ ಒಪ್ಪಿಸಿದ್ದಕ್ಕೆ ಸಹಿ ಬೇಕು.

3. ಗ್ರಂಥಾಲಯ ರಾತ್ರಿಯೂ ತೆರೆದಿರಬೇಕು. 2025ರಿಂದ ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಬಂದಿವೆ. ಒಳ್ಳೇದೇ. ಆದರೆ ಅದನ್ನ ತೆರೆಯೋದು, ಹುಡುಕೋದು ಹೇಗೆ ಅಂತ ಹಳ್ಳಿಯಿಂದ ಬಂದ ಕನ್ನಡ ಮಾಧ್ಯಮದ ಹುಡುಗಿಯ ಪಕ್ಕ ಕೂತು ತೋರಿಸೋರು ಯಾರು? ಅಂಥ ಗ್ರಂಥಪಾಲಕರ ಹುದ್ದೆ ತುಂಬಿ.

4. ಬಿಡುವಿನ ಹಕ್ಕು. ಯುಜಿಸಿಯ 2022ರ ನಿಯಮದಲ್ಲಿ ಮಹಿಳಾ ಸಂಶೋಧಕರಿಗೆ 240 ದಿನದ ಹೆರಿಗೆ, ಶಿಶುಪಾಲನಾ ರಜೆ ಇದೆ, ಹೆಚ್ಚುವರಿ ಎರಡು ವರ್ಷದ ಅವಧಿಯೂ ಇದೆ. ಇದು ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತು? ನೋಂದಣಿ ದಿನವೇ ಕನ್ನಡದಲ್ಲಿ ಬರೆದು ಕೈಗೆ ಕೊಡಿ.

5. ಗೈಡ್ ಬದಲಿಸುವ ದಾರಿ. ಸಹಿ ಹಿಡಿದಿಟ್ಟು ಆಟ ಆಡಿಸುವ ಗೈಡ್ ವಿರುದ್ಧ ದೂರು ಕೊಟ್ಟವರ ಪಿಎಚ್‌ಡಿ ಹಾಳಾಗಬಾರದು. ಎಸ್‌ಸಿ, ಎಸ್‌ಟಿ ಘಟಕಕ್ಕೆ ಆ ಅಧಿಕಾರ ಕೊಡಿ, ಬರೀ ಅಂಕಿಅಂಶ ತುಂಬೋಕೆ ಇಡಬೇಡಿ.

6. ಕ್ಷೇತ್ರಕಾರ್ಯದ ಬಸ್ ಚಾರ್ಜು, ಟೈಪಿಂಗ್, ಬೈಂಡಿಂಗ್ ಖರ್ಚು. ಸಣ್ಣದು ಅನ್ಸುತ್ತೆ. ಅಚ್ಚಿನ ಪ್ರತಿ ಒಪ್ಪಿಸಬೇಕು ಅನ್ನೋ ಒಂದು ನಿಯಮಕ್ಕೆ ಬಾಬಾಸಾಹೇಬರಂಥವರ ಪದವಿಯೇ 1927ರವರೆಗೆ ಕಾಯ್ತು.

ಇದ್ಯಾವುದಕ್ಕೂ ಕೋಟಿಗಟ್ಟಲೆ ಬೇಕಿಲ್ಲ. ಒಂದು ಉದ್ಘಾಟನೆಯ ಪೆಂಡಾಲು, ಶಾಲು, ಹಾರದ ಖರ್ಚಿನಲ್ಲಿ ಅರ್ಧ ಕೆಲಸ ಆಗುತ್ತೆ.

ನಮಗೂ ಒಂದು ಮಾತು. ಏಪ್ರಿಲ್ 14ರ ಭಾಷಣ ಬದಲಿಸೋಣ. ಬೀದಿದೀಪ ಸಾಕು. ಅಕ್ಕಂದಿರ ಒಡವೆ, ಕೇಳುಸ್ಕರ್ ಮೇಷ್ಟ್ರು, ಸೆಲಿಗ್‌ಮನ್ ಪತ್ರ, ಭಥೇನಾ ಸಾಲ, ರಮಾತಾಯಿಯ ಉಪವಾಸ ಇವನ್ನೂ ಹೇಳೋಣ. ಇದರಿಂದ ಬಾಬಾಸಾಹೇಬರು ಒಂದಿಂಚೂ ಚಿಕ್ಕವರಾಗಲ್ಲ. ಇಷ್ಟು ಸಣ್ಣ ನೆರವಿನಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿದರು ಅಂತ ತಿಳಿಯುತ್ತೆ, ಆ ಸಣ್ಣ ನೆರವನ್ನೂ ಕೊಡದೆ ಇರೋದು ಎಂಥ ಅಪರಾಧ ಅಂತಲೂ ತಿಳಿಯುತ್ತೆ.

ಆ ಹುಡುಗಿಗೆ ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾ ದಡ್ಡಿ ಅಲ್ಲ ಅಲಾ ಯಣ್ಣಾ" ಅಂದಳು. ಮಾರನೇ ದಿನ ನಾಲ್ಕು ಜನ ಸೇರಿ ಲಿಖಿತ ಅರ್ಜಿ ಹಿಡಿದು ಆಡಳಿತ ಕಚೇರಿಗೆ ಹೋದೆವು, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬಂದೆವು. ಎಂಟು ತಿಂಗಳಲ್ಲಿ ಮೂರು ತಿಂಗಳದ್ದು ಕಳೆದ ವಾರ ಬಂದಿದೆ. ಐದು ಬಾಕಿ. ಡಿಟಿಪಿ ಅಂಗಡಿ ಕೆಲಸ ಇನ್ನೂ ಬಿಟ್ಟಿಲ್ಲ. ಆದರೆ ಈಗ ಅಂಗಡಿ ಬಾಗಿಲು ಹಾಕೋ ಮುಂಚೆ ಒಂದು ಗಂಟೆ ತನ್ನ ನಾಲ್ಕನೇ ಅಧ್ಯಾಯ ಟೈಪ್ ಮಾಡ್ತಾಳಂತೆ.

ನಿಮ್ಮ ಫೆಲೋಶಿಪ್ ಎಷ್ಟು ತಿಂಗಳಿಂದ ಬಾಕಿ ಇದೆ? ಕಮೆಂಟಿನಲ್ಲಿ ತಿಂಗಳ ಲೆಕ್ಕ ಮಾತ್ರ ಬರೀರಿ, ಹೆಸರು ಬೇಡ. ಪಟ್ಟಿ ಮಾಡಿ ಒಟ್ಟಿಗೆ ಹೋಗೋಣ.

ಜೈಭೀಮ್.